ಬತ್ತಿ ಹಚ್ಚದ ಆರತಿ

ನಮ್ಮ ಓಣಿಯ ಹೆಂಗಸರು ಕೆಟ್ಟವರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪೂರ್ತಿ ಓದಿದವರು ನಮ್ಮನ್ನು ಬೈಯದೆ ಬಿಡುವುದಿಲ್ಲ. ಬೈಯಲಿ. ಆದರೆ ಬೈಗುಳದ ದೊಡ್ಡ ಪಾಲು ನನ್ನದು, ಅದನ್ನು ಬೇರೆಯವರಿಗೆ ಹಂಚಬೇಡಿ.

ನಾನು ದೇವದುರ್ಗದಿಂದ ಮಾನ್ವಿಗೆ ಸೊಸೆಯಾಗಿ ಬಂದಾಗ ಯುದ್ಧ ನಡೆದಿತ್ತು. ಯುದ್ಧ ಎಲ್ಲೋ ಸಮುದ್ರದಾಚೆ. ನಮ್ಮ ಮನೆಗಳಿಗೆ ಅದು ಮುಟ್ಟಿದ್ದು ಸೀಮೆಎಣ್ಣೆಯ ತಾಪತ್ರಯವಾಗಿ ಮಾತ್ರ. ರಾಯಚೂರಿಗೆ ಹೋಗುವ ಮೋಟರು ಕೂಡ ಇದ್ದಿಲಿನ ಹೊಗೆಯ ಮೇಲೆ ಓಡುತ್ತಿತ್ತು. ಮನಸ್ಸಾದರೆ ಓಡುತ್ತಿತ್ತು, ಇಲ್ಲವಾದರೆ ನಡುದಾರಿಯಲ್ಲಿ ನಿಂತು ಕೆಮ್ಮುತ್ತಿತ್ತು.

ನಮ್ಮ ಪಕ್ಕದ ಮನೆ ಸಾಲಿ ಮಾಸ್ತರರದು. ಗಂಡ, ಹೆಂಡತಿ, ನಾಲ್ಕು ವರ್ಷದ ಒಬ್ಬಳೇ ಮಗಳು. ಮಾಸ್ತರರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ, ಕೂಸು ನನ್ನನ್ನು ಕಾಕು ಎನ್ನುತ್ತಿತ್ತು. ಹೊಸ ಊರಿನಲ್ಲಿ ನನಗೆ ಮೊದಲು ಒಗ್ಗಿದ ಜೀವ ಅದೇ. ನಾನು ರೊಟ್ಟಿ ಬಡಿಯುವಾಗ ಎದುರಿಗೆ ಕೂತು, ತನಗೊಂದು ಸಣ್ಣ ರೊಟ್ಟಿ ಬಡಿಸಿಕೊಂಡು, ಅದು ಉಬ್ಬದಿದ್ದರೆ ನನಗೇ ಬುದ್ಧಿ ಹೇಳುತ್ತಿತ್ತು.

ಕೂಸಿಗೆ ನಾಲ್ಕು ತುಂಬುವ ಹುಟ್ಟಿದ ದಿನ ಬಂತು. ದೀಪ ಹಚ್ಚುವ ಹೊತ್ತಿಗೆ ಮಣೆ ಹಾಕಿ ಕೂಡಿಸಿ, ವೈನಿ ಮತ್ತು ನಾನು ಆರತಿ ಎತ್ತಿದೆವು. ತಾಟಿನಲ್ಲಿ ಕುಂಕುಮದ ಕೆಂಪು ನೀರು, ಎರಡು ಬದಿಗೆ ನೀಲಾಂಜನ. ಹಾಡಿನ ಎರಡನೆಯ ಸಾಲಿನಲ್ಲಿ ವೈನಿಯ ಕೈ ನಿಂತಿತು. ಕೂಸಿನ ಎಡಗಣ್ಣಿನ ಕಪ್ಪು ಗುಡ್ಡೆಯ ಒಳಗೆ ಬಿಳಿಯ ಬೆಳಕೊಂದು ಎದ್ದಿತ್ತು. ಕಣಜದ ಮೂಲೆಯಲ್ಲಿ ಕೂತ ಬೆಕ್ಕಿನ ಮೇಲೆ ಕಂದೀಲಿನ ಬೆಳಕು ಬಿದ್ದಾಗ ಅದರ ಕಣ್ಣು ಹೊಳೆಯುತ್ತದಲ್ಲ, ಹಾಗೆ. ತಾಟನ್ನು ಬಲಕ್ಕೆ ತಂದರೆ ಆರಿತು, ಎಡಕ್ಕೆ ಒಯ್ದರೆ ಮತ್ತೆ ಹತ್ತಿತು. ಕೂಸು ಮಾತ್ರ ಏನೂ ಗೊತ್ತಿಲ್ಲದೆ ಸಕ್ಕರೆಗಾಗಿ ಕೈ ಚಾಚಿ ನಗುತ್ತಿತ್ತು. ಆ ನಗುವಿನ ಮೇಲೆ ಆ ಕಣ್ಣು ಇದ್ದದ್ದನ್ನು ನೋಡಿ ನನ್ನ ಮೈ ಜುಮ್ಮೆಂದಿತು.

ನಮ್ಮ ಅತ್ತೆ ಎದ್ದು ನೀಲಾಂಜನಗಳನ್ನು ಹೂವಿನಿಂದ ಆರಿಸಿದರು.

"ಆರತಿ ದೀಪ ಕಣ್ಣಾಗ ಇಳದದ. ಇನ್ನ ಮ್ಯಾಲೆ ಆ ಕೂಸಿನ ಮುಂದ ಯಾರೂ ದೀಪ ಹಿಡೀಬ್ಯಾಡ್ರಿ," ಎಂದರು.

ಹಗಲಿನಲ್ಲಿ ಆ ಕಣ್ಣು ಎಲ್ಲರ ಕಣ್ಣಿನಂತೆಯೇ ಇತ್ತು. ಸಂಜೆ ದೀಪ ಹತ್ತಿರ ಬಂದಾಗ ಮಾತ್ರ ಒಳಗಿನಿಂದ ಯಾರೋ ನೋಡಿದಂತಾಗುತ್ತಿತ್ತು. ಅತ್ತೆ ನೀರಮಾನ್ವಿಯ ಯಲ್ಲಮ್ಮನಿಗೆ ಹರಕೆ ಹೊತ್ತರು. ನಾವು ವೈಷ್ಣವರು, ನಮಗೂ ಯಲ್ಲಮ್ಮನಿಗೂ ಏನು ಎಂದು ಓಣಿಯಲ್ಲಿ ಯಾರೂ ಕೇಳಲಿಲ್ಲ. ಕಷ್ಟ ಬಂದಾಗ ದೇವರ ಕುಲಗೋತ್ರ ಯಾರು ವಿಚಾರಿಸುತ್ತಾರೆ?

ಬುದ್ಧಿಯ ಮಾತು ಬಂದದ್ದು ಓಣಿಯ ತುದಿಯ ಮನೆಯಿಂದ. ಅಲ್ಲಿ ಎಣ್ಣೆ ವ್ಯಾಪಾರಿಯ ಮನೆಯಿತ್ತು, ಅವರ ಹೆಂಡತಿಯನ್ನು ಎಲ್ಲರೂ ಬೀಬಿ ಎನ್ನುತ್ತಿದ್ದೆವು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ. ಒಂದು ಸಂಜೆ ಹಿತ್ತಲ ಬಾಗಿಲಿನಿಂದ ಬಂದು, ಬುರ್ಖಾ ಸರಿಸಿ, ತನ್ನ ಕಂದೀಲನ್ನೇ ಎತ್ತಿ ಕೂಸಿನ ಕಣ್ಣು ನೋಡಿದಳು.

"ದೀಪ ಇಳಿಯೂದಿಲ್ಲವ್ವಾ, ಒಳಗ ಏನೋ ಬೆಳಿಯಾಕತ್ತದ. ದೀಪ ಬರೇ ತೋರಿಸ್ತದ. ಜಲ್ದಿ ರಾಯಚೂರಿಗಿ ಒಯ್ರಿ. ಮೋಟರ್ ಹಾದಿ ಕಾಯಬ್ಯಾಡ್ರಿ, ನಮ್ಮ ಬಂಡಿ ಅದ."

ಬೀಬಿಯ ಬಂಡಿಯಲ್ಲೇ ಅವರು ಹೋದರು. ರಾಯಚೂರಿನ ಡಾಕ್ಟರು ನೋಡಿ, ರೈಲು ಹತ್ತಿಸಿ ಹೈದರಾಬಾದಿಗೆ ಕಳಿಸಿದರು. ಅಲ್ಲಿ ಇಳಿದುಕೊಂಡದ್ದು ಬೀಬಿಯ ಅಣ್ಣನ ಮನೆಯಲ್ಲಿ. ವೈನಿಯ ಮಡಿಗೆಂದು ಆ ಮನೆಯವರು ಹಿತ್ತಲಲ್ಲಿ ಬೇರೆ ಒಲೆ ಹೂಡಿಕೊಟ್ಟರಂತೆ. ದೊಡ್ಡ ಡಾಕ್ಟರು ರೋಗದ ಹೆಸರು ಹೇಳಿದರು: ಸರತಾನ್. ಉರ್ದುವಿನಲ್ಲಿ ಹಾಗೆಂದರೆ ಏಡಿ. ಹಿಡಿದರೆ ಬಿಡದ ಹುಣ್ಣು. ಕಣ್ಣು ತೆಗೆದರೆ ಕೂಸು ಉಳಿದೀತು, ತೆಗೆಯದಿದ್ದರೆ ಉಳಿಯದು. ತೆಗೆದರು.

ಅವರು ಊರಲ್ಲಿಲ್ಲದಷ್ಟು ದಿನವೂ ನಮ್ಮ ಓಣಿ ಆ ಮನೆಯನ್ನು ಬರಿದಾಗಲು ಬಿಡಲಿಲ್ಲ. ಪಾಳಿಯ ಪ್ರಕಾರ ಒಬ್ಬರು ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡುವುದು, ಒಬ್ಬರು ತುಳಸಿಗೆ ದೀಪ, ಒಬ್ಬರು ಆಕಳ ಹಾಲು ಹಿಂಡುವುದು. ವಾಪಸು ಬಂದ ಮೇಲೆ ಅಡುಗೆಯ ಪಾಳಿ ಶುರುವಾಯಿತು. ವೈನಿ ಒಲೆ ಮುಟ್ಟಲಿಲ್ಲ. ಖಾಲಿ ಕಣ್ಣಿನ ಮೇಲೆ ಕಟ್ಟಲು ಪಟ್ಟಿ ಬೇಕಲ್ಲ, ಪ್ರತಿ ಮನೆಯಿಂದ ಒಂದೊಂದು ಖಣದ ತುಂಡು ಬಂತು. ಹಸಿರು, ಕೆಂಪು, ನೇರಳೆ. ನಾನು ಹೊಲಿದೆ. ಕೂಸು ಬೆಳಿಗ್ಗೆ ಎದ್ದು, "ಇವತ್ತ ಹಸರು," ಎಂದು ತಾನೇ ಆರಿಸಿಕೊಳ್ಳುತ್ತಿತ್ತು.

ಒಂದು ದಿನ ವೈನಿ ನನ್ನನ್ನು ಹಿತ್ತಲಿಗೆ ಕರೆದು ಕೈ ಹಿಡಿದುಕೊಂಡರು.

"ಡಾಕ್ಟರು ಹೇಳ್ಯಾರ. ವಾರಕ್ಕೊಮ್ಮೆ ಕತ್ತಲದಾಗ ದೀಪ ಹಿಡದು ಇನ್ನೊಂದು ಕಣ್ಣು ನೋಡ್ರಿ, ಹೊಳದರ ಒಂದು ದಿನಾನೂ ನಿಲ್ಲಬ್ಯಾಡ್ರಿ, ಬರ್ರಿ, ಅಂದಾರ. ಮೊದಲ ತಿಳದರ ಕಣ್ಣು ಉಳಸಾಕ ಏನರೆ ಮಾಡಬಹುದಂತ. ನನ್ನ ಕೈಲೆ ಆಗಂಗಿಲ್ಲ. ಇವರ ಕೈನೂ ನಡುಗತಾವ."

"ನಾ ನೋಡ್ತೀನಿ ಬಿಡ್ರಿ ವೈನಿ. ಶುಕ್ರವಾರಕ್ಕೊಮ್ಮೆ ಆರತಿ ಮಾಡೋ ನೆವದಾಗ ನೋಡ್ತೀನಿ," ಎಂದೆ.

ಎಷ್ಟು ಸುಲಭವಾಗಿ ಅಂದುಬಿಟ್ಟೆ! ಈಗಲೂ ಆ ಮಾತು ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಆಗ ನಾನು ಮೂರು ತಿಂಗಳ ಬಸುರಿ. ನಾನು ದೀಪ ಹಿಡಿಯಲು ಒಪ್ಪಿದ ಸುದ್ದಿ ಅತ್ತೆಗೆ ತಿಳಿದದ್ದೇ ತಡ, ಹೌಹಾರಿದರು.

"ಬಸುರಿ ಹೆಂಗಸು ಆ ಹೊಳಪು ನೋಡಬಾರದು. ಹೊಟ್ಟ್ಯಾಗಿನ ಕೂಸಿನ ಕಣ್ಣಿಗೆ ಇಳೀತದ. ಆರತಿ ಬೇಕಾರ ಮಾಡು, ಬತ್ತಿ ಹಚ್ಚಬ್ಯಾಡ."

ನಾನು ನಾಲ್ಕನೆಯ ಇಯತ್ತೆ ಓದಿದ್ದೆ. ದೀಪ ಇಳಿಯುವುದಿಲ್ಲ, ತೋರಿಸುತ್ತದೆ ಎಂದ ಬೀಬಿಯ ಮಾತು ನನ್ನ ಕಿವಿಯಲ್ಲೇ ಇತ್ತು. ಆದರೆ ಹೊಟ್ಟೆಯ ಮೇಲೆ ಕೈ ಹೋಯಿತು, ಬುದ್ಧಿ ಹಿಂದೆ ಉಳಿಯಿತು. ಹೆದರಿದೆ. ಬೇರೆ ಕಾರಣ ಹುಡುಕಿ ನನ್ನನ್ನು ನಾನು ಚೆಂದ ಮಾಡಿಕೊಳ್ಳುವುದಿಲ್ಲ.

ಹಾಗೆ ಶುರುವಾಯಿತು ಬತ್ತಿ ಹಚ್ಚದ ಆರತಿ. ಶುಕ್ರವಾರ ಸಂಜೆ ಓಣಿಯ ಹೆಂಗಸರು ಮಾಸ್ತರರ ಪಡಸಾಲೆಯಲ್ಲಿ ಸೇರುವುದು. ಹೊರಗಿನ ದೀಪದ ಬೆಳಕೂ ಬೀಳದಂತೆ ಬಾಗಿಲು ಮುಂದಕ್ಕೆ ಮಾಡುವುದು. ಆ ಮಬ್ಬಿನಲ್ಲಿ ಕೂಸನ್ನು ಮಣೆಯ ಮೇಲೆ ಕೂಡಿಸಿ, ಹಚ್ಚದ ನೀಲಾಂಜನವಿಟ್ಟ ತಾಟನ್ನು ನಾನು ಎತ್ತುವುದು. ಏಳೆಂಟು ಜನ ಸಣ್ಣ ದನಿಯಲ್ಲಿ ಹಾಡುವುದು. ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ಕುಂಕುಮದ ನೀರು ಕತ್ತಲೆಯಲ್ಲಿ ಕಪ್ಪಾಗಿ ತುಳುಕುತ್ತಿತ್ತು. ನೆನೆದರೆ ನನಗೆ ಈಗಲೂ ಅದು ಶುಭಕಾರ್ಯದಂತೆ ಅನಿಸುವುದಿಲ್ಲ.

ಕೂಸು ಮೊದಲ ವಾರವೇ ಕೇಳಿತು: "ದೀಪ ಯಾಕ ಹಚ್ಚಿಲ್ಲ?"

"ಯುದ್ಧ ನಡದದವ್ವಾ, ಎಣ್ಣಿ ಸಿಗವಲ್ತು," ಎಂದೆ. "ಯುದ್ಧ ಮುಗದ ಮ್ಯಾಲೆ ಹಚ್ಚೂಣು."

ನೀಲಾಂಜನಕ್ಕೆ ತುಪ್ಪವೋ ಎಳ್ಳೆಣ್ಣೆಯೋ ಸಾಕು, ಸೀಮೆಎಣ್ಣೆ ಯಾರು ಹಾಕುತ್ತಾರೆ! ಆದರೆ ನಾಲ್ಕು ವರ್ಷದ ಕೂಸು, ನಂಬಿತು.

ಹಾಡು ಮುಗಿಯುವ ಹೊತ್ತಿಗೆ ಒಳಕೋಣೆಯಿಂದ ವೈನಿಯ ದನಿ ಬರುತ್ತಿತ್ತು. ಹೊರಗೆ ಬರುವ ಧೈರ್ಯ ಅವರಿಗಿರಲಿಲ್ಲ. ಗೋಡೆಯೇ ಮಾತಾಡಿದಂತೆ ಆ ದನಿ ಕೇಳುತ್ತಿತ್ತು.

"ಹೊಳೀತೇನ?"

"ಇಲ್ಲ ವೈನಿ."

ಸುಳ್ಳಲ್ಲವಲ್ಲ. ದೀಪವೇ ಇಲ್ಲದ ಮೇಲೆ ಕಣ್ಣು ಹೊಳೆಯುವುದು ಎಲ್ಲಿಂದ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ನಮ್ಮ ಇಡೀ ಓಣಿ ಹಾಗೆ ಕುಡಿಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ನಾನು ಶುಕ್ರವಾರದಿಂದ ಶುಕ್ರವಾರಕ್ಕೆ ದಾಟುತ್ತಿದ್ದೆ. ನನ್ನ "ಇಲ್ಲ" ಕೇಳಿ ವೈನಿ ನಿದ್ದೆ ಮಾಡುತ್ತಿದ್ದರು. ಅವರು ಮತ್ತೆ ತಲೆ ಬಾಚಿಕೊಂಡರು, ಒಲೆ ಮುಟ್ಟಿದರು, ಒಂದು ದಿನ ನಕ್ಕರು. ಅದನ್ನು ನೋಡಿ ನಮಗೆ ಎಷ್ಟು ಸಮಾಧಾನವಾಗಿತ್ತೆಂದರೆ, ನಾವು ಮಾಡಿದ್ದೇ ಸರಿ ಎನಿಸಿತು.

ಕೂಸು ಆಗೀಗ ಹೊಸ್ತಿಲು ಎಡವುತ್ತಿತ್ತು. ಒಂದೇ ಕಣ್ಣು, ರೂಢಿಯಾಗಬೇಕು ಎಂದೆವು. ಏನಾದರೂ ನೋಡುವಾಗ ಗುಬ್ಬಿಯಂತೆ ಕತ್ತು ವಾರೆ ಮಾಡುತ್ತಿತ್ತು. ಎಷ್ಟು ಚೆಂದ ಮಾಡುತ್ತದೆ ನೋಡಿ ಎಂದು ದೃಷ್ಟಿ ತೆಗೆದು ಲಟಿಗೆ ಮುರಿದೆವು. ಒಂದು ಬೆಳಿಗ್ಗೆ "ಇವತ್ತ ಹಸರು," ಎಂದು ಕೆಂಪು ಪಟ್ಟಿಯನ್ನು ಕೈಗೆ ಕೊಟ್ಟಿತು. ಕಳ್ಳಿ, ಚ್ಯಾಷ್ಟಿ ಮಾಡ್ತೀಯಾ ಎಂದು ನಾನೇ ಗಲ್ಲ ಹಿಂಡಿದೆ. ಕೂಸು ನಗಲಿಲ್ಲ. ಪಟ್ಟಿಯ ಅಂಚನ್ನು ಬೆರಳಿನಿಂದ ಸವರುತ್ತ ನಿಂತಿತು.

ನನಗೆ ಏಳು ತಿಂಗಳಾಗಿತ್ತು. ಯುದ್ಧ ಮುಗಿಯಿತಂತೆ ಎಂದು ಸಂತೆಯಲ್ಲಿ ಸುದ್ದಿ ಬಂತು. ಅದೇ ಶುಕ್ರವಾರ ನಾವು ಬಾಗಿಲು ಮುಂದಕ್ಕೆ ಮಾಡಿ ಹಾಡು ಎತ್ತಿದ್ದೆವು, ಬಾಗಿಲು ತಳ್ಳಿಕೊಂಡು ಬೀಬಿ ಒಳಗೆ ಬಂದಳು. ಕೂಸಿಗೆಂದು ಖರ್ಜೂರ ತಂದಿದ್ದಳು. ಇನ್ನೊಂದು ಕೈಯಲ್ಲಿ ಕಂದೀಲು. ಬೆಳಕು ನನ್ನ ತಾಟಿನ ಮೇಲೆ ಬಿತ್ತು, ಸುಟ್ಟ ಕಲೆಯಿಲ್ಲದ ಬಿಳಿ ಬತ್ತಿಗಳ ಮೇಲೆ. ಬೀಬಿ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಇಷ್ಟು ದಿನಾ ಹಿಂಗಽ ಮಾಡೀರೇನು? ಯಾ ಅಲ್ಲಾ! ದೀಪ ಇಲ್ಲದ ನೀ ಏನು ನೋಡಿದಿ ಬೇಟಿ?"

ಅತ್ತೆ ಏನೋ ಹೇಳಲು ಬಾಯಿ ತೆರೆದರು, ನಾನು ಅವರ ಕಡೆ ನೋಡಲಿಲ್ಲ. ಕಂದೀಲಿನಿಂದ ಬತ್ತಿ ಹಚ್ಚಿಕೊಂಡೆ, ಎರಡನ್ನೂ. ಕಂದೀಲನ್ನು ಬೀಬಿ ಹಿಂದೆ ಸರಿಸಿದಳು. ತಾಟನ್ನು ಕೂಸಿನ ಮುಖದ ಮುಂದೆ ಹಿಡಿದೆ.

ಉಳಿದ ಒಂದೇ ಕಣ್ಣು ತುಂಬ ಬಿಳಿ ಬೆಳಕು. ಎಡಗಣ್ಣಿನಲ್ಲಿ ಕಂಡಿದ್ದಕ್ಕಿಂತ ದೊಡ್ಡದು, ಗುಡ್ಡೆಯ ಅಂಚಿನ ತನಕ. ಕಣ್ಣಿನೊಳಗಿದ್ದವರು ಯಾರೋ ಈಗ ಬಾಗಿಲಿಗೇ ಬಂದು ನಿಂತಂತಿತ್ತು.

ಕೂಸು ಆ ಬೆಳಕು ತುಂಬಿದ ಕಣ್ಣನ್ನು ನೇರವಾಗಿ ನನ್ನ ಕಡೆಗೇ ತಿರುಗಿಸಿತ್ತು. ಎರಡು ಜ್ವಾಲೆಗಳು ಅದರ ಮೂಗಿನಿಂದ ಗೇಣು ದೂರದಲ್ಲಿ ಉರಿಯುತ್ತಿದ್ದವು.

"ಕಾಕು," ಎಂದಿತು, "ಯುದ್ಧ ಇನ್ನೂ ಮುಗದಿಲ್ಲೇನು?"

ಅದೇ ಹೊತ್ತಿಗೆ ಒಳಕೋಣೆಯಿಂದ ವೈನಿ ಕೇಳಿದರು: "ಹೊಳೀತೇನ?"

ತಾಟನ್ನು ಕೆಳಗಿಟ್ಟೆ, ಕುಂಕುಮದ ನೀರು ನನ್ನ ಸೀರೆಯ ಮೇಲೆ ಚೆಲ್ಲಿತು. ನನ್ನ ಪರವಾಗಿ ಬೀಬಿಯೇ ಒಳಗೆ ಹೋದಳು. ಆಮೇಲೆ ಕೇಳಿದ ವೈನಿಯ ದನಿಯನ್ನು ನಾನು ಇಲ್ಲಿ ಬರೆಯುವುದಿಲ್ಲ.

ಬೆಳಗಾಗುವುದರೊಳಗೆ ಬೀಬಿಯ ಬಂಡಿ ಮತ್ತೆ ರಾಯಚೂರಿನ ದಾರಿ ಹಿಡಿಯಿತು. ಹೈದರಾಬಾದಿನಲ್ಲಿ ಡಾಕ್ಟರು ಕಣ್ಣು ಉಳಿಸುವ ಕಾಲ ದಾಟಿದೆ, ಜೀವ ಉಳಿಸಿಕೊಳ್ಳಿ ಎಂದರಂತೆ. ಎಷ್ಟು ವಾರದಿಂದ ಹೊಳೆಯುತ್ತಿತ್ತು ಎಂದೂ ಕೇಳಿದರಂತೆ. ಮಾಸ್ತರರು ಗೊತ್ತಿಲ್ಲ ಎಂದರು. ಗೊತ್ತಿರಬೇಕಾದವಳು ಮಾನ್ವಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

ನನ್ನ ಮಗ ಹುಟ್ಟಿದ. ಅವನ ಕಣ್ಣಿನ ಮುಂದೆ ದೀಪ ಹಿಡಿದು ನಾನು ಮೊದಲ ದಿನವೇ ನೋಡಿದೆ, ಎಲ್ಲ ಸರಿಯಿತ್ತು. ಸರಿಯಿದೆ ಎಂದು ತಿಳಿದಾಗ ಆದ ಸಂತೋಷಕ್ಕೆ ನನಗೇ ಹೇಸಿಗೆಯಾಯಿತು.

ಮಾಸ್ತರರ ಮನೆಯವರು ಮರಳಿ ಬರುವ ಸಂಜೆ ಓಣಿಯ ಎಲ್ಲ ಮನೆಯವರೂ ಆರತಿಯ ತಾಟು ಹಿಡಿದು ಬಾಗಿಲಲ್ಲಿ ನಿಂತರು. ಯಾರೂ ಯಾರಿಗೂ ಹೇಳಿರಲಿಲ್ಲ. ಆದರೂ ಪ್ರತಿ ತಾಟಿನಲ್ಲೂ ದೀಪ ಹತ್ತಿತ್ತು. ಇಷ್ಟು ದಿನ ಮುಚ್ಚಿಟ್ಟ ಬೆಳಕನ್ನೆಲ್ಲ ಒಮ್ಮೆಗೇ ತಂದು ಸುರಿದಂತಿತ್ತು, ಕಾಣುವವರಿಲ್ಲದ ಮೇಲೆ. ಬೀಬಿ ಕೂಡ ತನ್ನ ಬಾಗಿಲಲ್ಲಿ ಕಂದೀಲು ಇಟ್ಟಿದ್ದಳು.

ನಾನೂ ನಿಂತಿದ್ದೆ. ತಾಟಿನಲ್ಲಿ ನೀಲಾಂಜನ, ಬತ್ತಿ, ತುಪ್ಪ, ಎಲ್ಲ ಇತ್ತು. ಹಚ್ಚಲು ಮಾತ್ರ ಕೈ ಬಂದಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಹಚ್ಚಲಿ? ಹೇಗೂ ಕೂಸಿಗೆ ಕಾಣುವುದಿಲ್ಲ ಎಂದು ಒಳಗೆ ಒಂದು ಹೇಡಿ ದನಿ ಅಂದದ್ದೂ ನಿಜ.

ಕೂಸು ವೈನಿಯ ಸೆರಗು ಹಿಡಿದು ನಡೆದು ಬಂತು. ಎರಡೂ ಕಣ್ಣುಗಳ ಮೇಲೆ ಉದ್ದನೆಯ ಒಂದೇ ಪಟ್ಟಿ. ಪ್ರತಿ ಬಾಗಿಲಿಗೂ ಅರೆಗಳಿಗೆ ನಿಂತು ಕೆನ್ನೆಯನ್ನು ತಾಟಿನ ಕಡೆ ತಿರುಗಿಸುತ್ತಿತ್ತು, ಚಳಿಯಲ್ಲಿ ಒಲೆಯ ಕಡೆ ತಿರುಗಿಸುವ ಹಾಗೆ. ಆಮೇಲೆ ಮುಂದಿನ ಮನೆ. ಹೆಂಗಸರು ಸದ್ದಿಲ್ಲದೆ ಅಳುತ್ತಿದ್ದರು. ನಮ್ಮ ಬಾಗಿಲಿಗೆ ಬಂತು, ಕೆನ್ನೆ ತಿರುಗಿಸಿತು, ಕಾಯಿತು. ಇನ್ನೊಂದು ಕೆನ್ನೆ ತಿರುಗಿಸಿತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ, ಮಾತಾಡಿರಲಿಲ್ಲ, ಬಳೆಯ ಸದ್ದೂ ಆಗಿರಲಿಲ್ಲ.

"ಕಾಕು," ಎಂದಿತು ಕೂಸು, "ನಿಮ್ಮದೊಂದಽ ಹತ್ತಿಲ್ಲ."

ವೈನಿ ನನ್ನ ತಾಟಿನ ಕಡೆ ನೋಡಿದರು. ನಾನು ಒಳಗೆ ಹೋಗಿ ಹಚ್ಚಿಕೊಂಡು ಬಂದೆ.