ಬೆಟ್ಟ ಇಳಿದು ಬಂದ ಆಂಟಿ

ಗಂಡ ತೀರಿಕೊಂಡ ಮೇಲೂ ಆಂಟಿ ಕೈತುಂಬ ಹಸಿರು ಗಾಜಿನ ಬಳೆ ತೊಡುತ್ತಿದ್ದರು. ಅಂಗೈ ಮಾತ್ರ ಇಟ್ಟಿಗೆಯಷ್ಟು ಒರಟು. ಹಬ್ಬಕ್ಕೆ ಸೇರಿದ ಹೆಂಗಸರು ಆ ಕೈ ಹಿಡಿದು, ಕ್ರೀಮ್ ಹಚ್ಚಿಕೊಳ್ಳಿ ಎಂದು ಉಪದೇಶ ಮಾಡುತ್ತಿದ್ದರು. ಕ್ರೀಮ್ ಹಚ್ಚಿದರೆ ಬಂಡೆ ಮೇಲೆ ಹಿಡಿತ ಸಿಗುವುದಿಲ್ಲ ಎಂದು ಆಂಟಿ ಕೈ ಎಳೆದುಕೊಳ್ಳುತ್ತಿದ್ದರು.

ಟೆಕ್ಸಾಸ್‌ನ ಅಲೆನ್‌ನಲ್ಲಿ ನಮ್ಮ ಎದುರು ಮನೆಯವರು. ಧಾರವಾಡದ ಕಡೆಯವರು, ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾಗಿದ್ದರು. ನಮ್ಮ ಊರೋ, ದೋಸೆಕಲ್ಲಿನ ಹಾಗೆ ಚಪ್ಪಟೆ. ಹತ್ತಲು ಒಂದು ದಿಬ್ಬವೂ ಇಲ್ಲ. ಅದಕ್ಕೇ ಆಂಟಿ ಸೋನಾ ಮಸೂರಿ ಅಕ್ಕಿಯ ಚೀಲವನ್ನು ಬ್ಯಾಕ್‌ಪ್ಯಾಕಿಗೆ ತುಂಬಿಕೊಂಡು ಪಾರ್ಕಿಂಗ್ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಚೀಲದಲ್ಲಿ ಏನಿದೆ ಎಂದು ಸೆಕ್ಯೂರಿಟಿಯವನು ಕೇಳಿದರೆ, ಊಟ ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಒಂದು ದಿನ ಜೊತೆಗೆ ಹೋದ ನಾನು ಅರ್ಧದಲ್ಲೇ ಏದುಸಿರು ಬಿಡುತ್ತಾ ಕುಳಿತೆ.

ಅವರು ಕಣ್ಣಿಟ್ಟಿದ್ದು ಪಶ್ಚಿಮ ಟೆಕ್ಸಾಸ್‌ನ ಒಂದು ಬೋಳು ಬೆಟ್ಟದ ಮೇಲೆ. ಕೊನೆಯ ಭಾಗದಲ್ಲಿ ದಾರಿಯೇ ಇಲ್ಲ, ಕೈಯೂರಿ ಬಂಡೆ ಹತ್ತಬೇಕು. ಅದೂ ಒಬ್ಬರೇ. ರೌಂಡ್ ರಾಕ್ ಎಂಬ ಊರಲ್ಲಿದ್ದ ಮಗ ಖಡಾಖಂಡಿತವಾಗಿ ಹೇಳಿದ್ದ: ಇದೊಂದು ಸಲ ಸರಿ, ಏನಾದರೂ ಎಡವಟ್ಟಾದರೆ ಕಾರಿನ ಕೀ ನನ್ನ ಕೈಗೆ.

ಎಡವಟ್ಟೇ ಆಯಿತು. ಬೆಳಗ್ಗೆ ಶುಭ್ರವಾಗಿದ್ದ ಆಕಾಶ, ಆಂಟಿ ತುದಿಯ ಹತ್ತಿರ ಬರುವಷ್ಟರಲ್ಲಿ ಕಪ್ಪಾಯಿತು. ಗಾಳಿ, ಮಿಂಚು, ಹಿಂದೆಯೇ ಆಲಿಕಲ್ಲು. ತುದಿ ಕಣ್ಣೆದುರಿಗೇ ಇತ್ತಂತೆ. ಆಂಟಿ ಅದರ ಕಡೆಗೊಮ್ಮೆ ನೋಡಿ, ನೆನೆದ ಬಂಡೆಯ ಮೇಲೆ ಕುಳಿತು, ಜಾರಿಕೊಂಡೇ ಇಳಿದರು. ಮನೆಗೆ ಬಂದಾಗ ಪ್ಯಾಂಟಿನ ಹಿಂಭಾಗ ಹರಿದು ಹೋಗಿತ್ತು. ನಾನಾಗಿದ್ದರೆ ಯಾರಿಗೂ ಹೇಳದೆ ಎಸೆದುಬಿಡುತ್ತಿದ್ದೆ. ಅವರು ಒಗೆದು ಹಿತ್ತಲಲ್ಲಿ ಒಣಹಾಕಿದರು.

ಆ ವಾರ, ಮನೆಗೊಂದು ಅಡುಗೆ ತಂದು ಸೇರುವ ಯುಗಾದಿ ಪಾಟ್‌ಲಕ್‌ನಲ್ಲಿ ಎಲ್ಲರದೂ ಇದೇ ಮಾತು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ಒಬ್ಬ ಅಂಕಲ್ ಶುರು ಮಾಡಿದರು. ಸುಮ್ಮನೆ ಅಷ್ಟು ದೂರ ಹೋಗಿ ವಾಪಸ್ ಬಂದಿರಲ್ಲ ಎಂದು ಇನ್ನೊಬ್ಬರು ನಕ್ಕರು. ಹಬ್ಬಕ್ಕೆ ಬಂದಿದ್ದ ಮಗ ಕೀಗಾಗಿ ಕೈ ಚಾಚಿಯೇ ನಿಂತಿದ್ದ. ಆಂಟಿ ಹೋಳಿಗೆಯ ತಟ್ಟೆ ಕೆಳಗಿಟ್ಟರು.

"ಹೌದ್ರಿ, ತುದಿ ಮುಟ್ಟಲಿಲ್ಲ. ಒಬ್ಬಾಕಿನ ಹೋದೆ, ಒಬ್ಬಾಕಿನ ಇಳದ್ ಬಂದೆ. ಹೆಲಿಕಾಪ್ಟರ್ ಕರೀಲಿಲ್ಲ, ನಿಮ್ಮನ್ನೂ ಕರೀಲಿಲ್ಲ. ಇನ್ನ ನನ್ನ ಕೀ ಯಾಕ ಕೊಡಬೇಕು?"

ಮಗ ಕೈಯನ್ನು ಜೇಬಿಗೆ ಹಾಕಿಕೊಂಡ. ನನಗಂತೂ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು.

ಮುಂದಿನ ಚಳಿಗಾಲದಲ್ಲಿ ಮತ್ತೆ ಹೋದರು. ಬಿರುಗಾಳಿ ಎದ್ದಿತು, ಮತ್ತೆ ಇಳಿದು ಬಂದರು. ಮೂರನೆಯ ಸಲಕ್ಕೆ ತಯಾರಿ ನಡೆಸಿದ್ದಾಗ, ಮನೆಯಲ್ಲೇ, ನಿದ್ದೆಯಲ್ಲೇ ಹೃದಯ ನಿಂತಿತು. ಮಾತನಾಡಿಸಲು ಬಂದವರಲ್ಲಿ ಒಬ್ಬರು, ಪಾಪ, ಕೊನೆಗೂ ತುದಿ ನೋಡಲಿಲ್ಲ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಸಾವಿನ ಮನೆ ಎಂಬುದನ್ನೂ ನೋಡದೆ, ಆಂಟಿಗೆ ಪಾಪ ಅನ್ನಬೇಡಿ ಎಂದುಬಿಟ್ಟೆ. ಅಂದದ್ದಕ್ಕೆ ಇವತ್ತಿಗೂ ಬೇಜಾರಿಲ್ಲ.

ಹೊರಡುವಾಗ ಆ ಮಗನೇ ಬ್ಯಾಕ್‌ಪ್ಯಾಕ್ ತಂದು ನನ್ನ ಕೈಗಿಟ್ಟ. ಅಕ್ಕಿ ಇನ್ನೂ ಒಳಗೇ ಇತ್ತು. ಈಗ ಅದೇ ಅಕ್ಕಿ ಹೊತ್ತು ಅದೇ ಮೆಟ್ಟಿಲು ಹತ್ತುತ್ತೇನೆ. ಈ ಚಳಿಗಾಲ ಆ ಬೆಟ್ಟಕ್ಕೆ ಒಬ್ಬಳೇ ಹೋಗುತ್ತೇನೆ ಎಂದಾಗ ನನ್ನ ಗಂಡ, ಅಲ್ಲಿ ಹವಾ ಕೆಟ್ಟರೆ ಏನು ಮಾಡುತ್ತೀಯ ಎಂದು ಕೇಳಿದರು.

"ಇಳಿದು ಬರ್ತೀನಿ," ಎಂದೆ.