ಹಿಟ್ಟು ಝಾಡಿಸಿಕೊಂಡು ಕೂಡುವವರು

ನಿಪ್ಪಾಣಿಯಲ್ಲಿ ಆಗ ಟೀವಿ ಇದ್ದ ಮನೆಗಳಿಗೆ ಎರಡು ದಿಕ್ಕು. ಮಾಳಿಗೆಯ ಮೇಲಿನ ಆ್ಯಂಟೆನಾವನ್ನು ಕೊಲ್ಲಾಪುರದ ಕಡೆ ತಿರುಗಿಸಿದರೆ ಮರಾಠಿ, ಬೆಳಗಾವಿಯ ಕಡೆ ತಿರುಗಿಸಿದರೆ ಕನ್ನಡ. ನಡುವೆ ಎಲ್ಲಿ ನಿಂತರೂ ಪರದೆಯ ತುಂಬ ಚುನಮುರಿ ಚೆಲ್ಲಿದ ಹಾಗೆ ಚುಕ್ಕೆಗಳು. ನಮ್ಮ ಆ್ಯಂಟೆನಾದ ಕೊಳವೆ ಗೋಡೆಯ ಕಬ್ಬಿಣದ ಬಳೆಯಲ್ಲಿ ಸಡಿಲವಾಗಿ ನಿಂತಿತ್ತು. ಸಂಜೆ ಪಡುವಣ ಗಾಳಿ ಬಿಟ್ಟಿತೆಂದರೆ ತಾನೇ ತಿರುಗುತ್ತಿತ್ತು. ಪರದೆಯಲ್ಲಿ ಅಳುತ್ತಿದ್ದ ಹೆಂಗಸು ಕಣ್ಣೊರೆಸಿಕೊಳ್ಳುವ ಮೊದಲೇ ಮಾಯವಾಗುತ್ತಿದ್ದಳು. ಹೀಗಾಗಿ ಬೇಕಾದ ಕಾರ್ಯಕ್ರಮವಿದ್ದ ದಿನ ಒಬ್ಬರು ಮೇಲೆ ನಿಂತು ಕೊಳವೆ ಹಿಡಿಯಬೇಕಿತ್ತು.

ಆ ಒಬ್ಬರು ಯಾವಾಗಲೂ ಗಿರಣಿ ಭಾವುಜಿ.

ನಮ್ಮವರ ಚಿಕ್ಕಂದಿನ ಗೆಳೆಯ. ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ನಾನು ಮದುವೆಯಾಗಿ ಬಂದ ದಿನದಿಂದ ಅವರು ನನಗೆ ಮೈದುನನಂತೆ ಭಾವುಜಿ, ನಾನು ಅವರಿಗೆ ಅತ್ತಿಗೆಯಂತೆ ವೈನಿ. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವರ ದನಿ ದೊಡ್ಡದು. ಗುಟ್ಟು ಹೇಳಿದರೂ ಬಸ್ ಸ್ಟ್ಯಾಂಡಿಗೆ ಕೇಳಿಸಬೇಕು. ಇನ್ನೊಂದು ರೂಢಿ. ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು ಎರಡೂ ಭುಜ, ತೊಡೆ, ಹಿಂಬದಿ ಎಲ್ಲ ಪಟಪಟ ಬಡಿದು ಹಿಟ್ಟು ಝಾಡಿಸಿಕೊಂಡು, ನಿಂತಲ್ಲೇ ಒಂದು ಸುತ್ತು ತಿರುಗಿ, ಆಮೇಲೆ ಒಳಗೆ ಬಂದು ಕೂಡುತ್ತಿದ್ದರು. ಸ್ನಾನ ಮಾಡಿ ಮಡಿಚಿದ ಧೋತರ ಉಟ್ಟು ಲಗ್ನಕ್ಕೆ ಬಂದ ದಿನವೂ ಹಾಗೇ. ಕೈಗೆ ಬಂದ ರೂಢಿ ಬಟ್ಟೆ ನೋಡುವುದಿಲ್ಲ.

ಮೂರನೆಯ ಗೆಳೆಯನೊಬ್ಬನಿದ್ದ. ಗಣಪತಿ ಹಬ್ಬದ ಮಂಡಳಿಯಲ್ಲಿ ಈ ಮೂವರೂ ಸೇರಿ ನಗೆನಾಟಕ ಆಡುತ್ತಿದ್ದರಂತೆ. ನಮ್ಮವರು ಪರದೆ ಎಳೆಯುವುದು, ಭಾವುಜಿ ಪೆಟ್ರೋಮ್ಯಾಕ್ಸ್ ನೋಡಿಕೊಳ್ಳುವುದು, ಆ ಮೂರನೆಯವನು ಜನರನ್ನು ನಗಿಸುವುದು. ತಂದೆಯ ತಂಬಾಕಿನ ವಖಾರಿಯಲ್ಲಿ ಕೂಡು ಎಂದರೆ ಕೂಡದೆ ಕೊಲ್ಲಾಪುರದ ಸ್ಟುಡಿಯೋಗೆ ಹೋದ. ಅಲ್ಲಿ ಗುಂಪಿನಲ್ಲಿ ನಿಂತ, ದೀಪ ಹೊತ್ತ, ಅಲ್ಲಿಂದ ಮುಂಬಯಿ. ಬಹಳ ವರ್ಷ ಸುದ್ದಿಯೇ ಇರಲಿಲ್ಲ. ಒಮ್ಮೆ ಭಾವುಜಿಯೇ ಓಡಿಬಂದರು.

"ವೈನೀ! ನಮ್ಮಂವಾ ಟೀವ್ಯಾಗ ಬರ್ತಾನಂತ! ವಾರಕ್ಕೊಮ್ಮೆ! ಆ್ಯಂಟೆನಾ ನಾ ಹಿಡೀತೀನಿ, ನೀವ್ಯಾರೂ ಮ್ಯಾಲ ಹತ್ತಬ್ಯಾಡ್ರಿ!"

ಮರಾಠಿ ನಗೆ ಧಾರಾವಾಹಿ. ಮುಂಬಯಿಯ ಒಂದು ಖೋಲಿಯಲ್ಲಿ ನಾಲ್ವರು ಗೆಳೆಯರು, ನಾಲ್ವರಿಗೂ ಸಿನೆಮಾದ ಹುಚ್ಚು. ಅವರಲ್ಲಿ ಗಡಿನಾಡಿನಿಂದ ಬಂದ ಪೆದ್ದನಿಗೆ ಅಕಸ್ಮಾತ್ತಾಗಿ ಹೀರೋ ಪಾತ್ರ ಸಿಗುತ್ತದೆ. ಉಳಿದ ಮೂವರು ಅವನ ಸೆಕ್ರೆಟರಿ, ಡ್ರೈವರ್, ಅಡಿಗೆಯವ ಆಗಿ ಹಿಂದೆ ಅಲೆಯುತ್ತಾರೆ. ಆ ಪೆದ್ದನೇ ನಮ್ಮವನು. ಪ್ರತಿ ವಾರ ಏನೇ ಜಗಳವಾಗಲಿ, ಕೊನೆಯಲ್ಲಿ ನಾಲ್ವರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ಮೊದಲ ವಾರ ಓಣಿಯ ಅರ್ಧ ಜನ ನಮ್ಮ ಜಮಖಾನದ ಮೇಲೆ. ಭಾವುಜಿ ಹೊರಗಿನ ಮೆಟ್ಟಿಲಿನಿಂದ ನೇರ ಮಾಳಿಗೆಗೆ ಹೋಗಿದ್ದರು.

"ಬಂತೇನ್ರಿ?"

"ಬಂತ್ರಿ, ಹಂಗ ಹಿಡೀರಿ!"

ಪರದೆಯಲ್ಲಿ ನಮ್ಮವನು ಮೊದಲ ಸಲ ನಿರ್ಮಾಪಕನ ಆಫೀಸಿಗೆ ಹೋದ. ಸೋಫಾ ಬೆಳ್ಳಗೆ ಹೊಳೆಯುತ್ತಿತ್ತು. ಬಾಗಿಲಲ್ಲಿ ನಿಂತ. ಎರಡೂ ಭುಜ ಪಟಪಟ ಬಡಿದುಕೊಂಡ. ತೊಡೆ, ಹಿಂಬದಿ. ನಿಂತಲ್ಲೇ ಒಂದು ಸುತ್ತು ತಿರುಗಿದ. ಆಮೇಲೆ ಕೂತು, ಎದುರಿಗಿದ್ದ ನಿರ್ಮಾಪಕನ ಟೊಪ್ಪಿಗೆ ಹಾರುವ ಹಾಗೆ ನಮಸ್ಕಾರ ಎಂದು ಕೂಗಿದ.

ಎಲ್ಲರ ಕಣ್ಣೂ ಒಮ್ಮೆ ಚಾವಣಿಯ ಕಡೆ ಹೋದವು. ಆಮೇಲೆ ನಗೆ ಹೇಗೆ ಎದ್ದಿತೆಂದರೆ, ನಮ್ಮತ್ತೆ ಹಲ್ಲಿನ ಸೆಟ್ಟಿಗೆ ಕೈ ಅಡ್ಡ ಹಿಡಿದರು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಏನಾತ್ರೀ? ಏನಂದಾ?" ಮೇಲಿನಿಂದ ದನಿ.

ನಗೆ ಪಟ್ಟನೆ ನಿಂತಿತು. ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮವರು ಕಿಟಕಿಗೆ ಹೋಗಿ ಕೂಗಿದರು, "ಏನಿಲ್ಲೋ, ಸುಮ್ನ ಒಂದು ಜೋಕ್ ಹೊಡದ!"

"ಹೊಡೀಲಿ ಹೊಡೀಲಿ! ನಗಸೂದ್ರಾಗ ಅಂವಾ ಮೊದಲಿಂದ್ಲೂ ಹುಶಾರ!"

ಮಾರನೆಯ ದಿನವೇ ನಮ್ಮವರು ಪೇಟೆಯಿಂದ ಒಂದು ಕಬ್ಬಿಣದ ಕ್ಲಾಂಪು ತಂದರು. ಕೊಳವೆಗೆ ಬಿಗಿದರೆ ಮುಗಿಯಿತು, ಯಾರೂ ಮೇಲೆ ನಿಲ್ಲಬೇಕಿಲ್ಲ. ತಂದದ್ದನ್ನು ಕೈಯಲ್ಲಿ ಹಿಡಿದು ತುಸು ಹೊತ್ತು ಕೂತರು. "ಇದನ್ನ ಹಾಕಿದ್ರ ಅಂವಾ ಕೆಳಗ ಬಂದು ಕೂಡ್ತಾನ," ಅಂದರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡೆ. ಕ್ಲಾಂಪು ದೇವರ ಮಾಡಿನ ಪಕ್ಕದ ಗೂಡಿನಲ್ಲಿ, ಎಣ್ಣೆ ಬಾಟಲಿಯ ಹಿಂದೆ ಕೂತಿತು.

ವಾರದ ಮೇಲೆ ವಾರ ಹೋಯಿತು. ಕೆಳಗೆ ನಾವು, ಮೇಲೆ ಅವರು. ನಾನು ಅವಲಕ್ಕಿ ಒಗ್ಗರಣೆ ಹಾಕಿದರೆ ಮೊದಲ ತಾಟು ಮಾಳಿಗೆಗೆ. ಚಾದಲ್ಲಿ ಶುಂಠಿ ಜಾಸ್ತಿ, ಸಕ್ಕರೆ ಜಾಸ್ತಿ. "ವೈನೀ, ನನಗೇನ್ ಅಳಿಯಾನ್ನ ಮಾಡಿದಂಗ ಮಾಡಾಕತ್ತೀರಲ್ಲ," ಎಂದು ಅವರು ನಕ್ಕರೆ, ನಾನು ಚಾದ ಬಸಿ ಕೈಗಿಟ್ಟು ಮೆಟ್ಟಿಲ ಕಡೆ ತಿರುಗುತ್ತಿದ್ದೆ. ಕೆಳಗಿಳಿದು ಬಂದರೆ ಧಾರಾವಾಹಿಯ ಕೊನೆ. ನಾಲ್ವರು ಒಂದೇ ತಾಟಿನಲ್ಲಿ ಉಣ್ಣುತ್ತಿರುತ್ತಿದ್ದರು. ಪಕ್ಕದ ಮನೆಯ ಕಾಕೂ ಕಣ್ಣೊರೆಸಿಕೊಂಡು, "ದೋಸ್ತಿ ಅಂದ್ರ ಹಿಂಗಿರಬೇಕ ನೋಡವಾ," ಅನ್ನುತ್ತಿದ್ದರು. ಚಾವಣಿಯ ಮೇಲೆ ಭಾವುಜಿ ಕಾಲು ಬದಲಿಸಿದ ಸದ್ದು ನನಗೆ ಕೇಳಿಸುತ್ತಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ನಟ ಊರಿಗೆ ಬಂದ. ಬಿಳಿ ಪ್ಯಾಂಟು, ಕಪ್ಪು ಕನ್ನಡಕ, ಹೊಟ್ಟೆ ತುಸು ಬಂದಿತ್ತು. ಎಲ್ಲೆಲ್ಲಿಂದಲೋ ಹುಡುಗರು ಹಿಂದೆ ಬಂದಿದ್ದರು. ಅವರನ್ನು ನಮ್ಮ ಪಡಸಾಲೆಯಲ್ಲಿ ಕೂಡಿಸಿ, ಅಡಿಗೆಮನೆಯ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದ.

"ವೈನೀ, ಅಂವಾ ನೋಡ್ಯಾನೇನ್ರಿ?"

"ಇಲ್ರಿ. ಮ್ಯಾಲ ಆ್ಯಂಟೆನಾ ಹಿಡಕೊಂಡು ನಿಂತಿರ್ತಾರ."

ಅವನು ಕನ್ನಡಕ ತೆಗೆದ. ಕಣ್ಣು ದಣಿದಿದ್ದವು. "ಅಲ್ಲಿ ಮೊದಲನೇ ದಿನ ಶೂಟಿಂಗಿನ್ಯಾಗ ನನಗ ಕೈಕಾಲ ಆಡ್ಲಿಲ್ರಿ. ಎಲ್ಲಾರೂ ಬೈಯಾಕತ್ರು. ಏನ ಮಾಡ್ಲಿ ಅಂತ ನಿಂತಾಗ ಅಂವಾ ನೆನಪಾದ. ಈಗ ಹಾದ್ಯಾಗ ಹೋದ್ರ ಜನ ಅದೊಂದಾ ಮಾಡ್ರಿ ಅಂತಾರ. ಅದೊಂದು ತಗದ್ರ ನನ್ನ ಹತ್ರ ಏನೈತ್ರಿ? ಅದು ಅಂವಂದ ಅಂತ ಹೆಂಗ ಹೇಳ್ಲಿ?"

"ಚಾ ಆರ್ತೈತಿ, ತಗೋರಿ," ಅಂದೆ.

ಅಷ್ಟರಲ್ಲಿ ಓಣಿಯಿಂದಲೇ ದನಿ ಕೇಳಿಸಿತು. "ಎಲ್ಲದಾನಲೇ ನಮ್ಮ ಹೀರೋ!"

ಭಾವುಜಿ ಗಿರಣಿ ಅರ್ಧಕ್ಕೆ ನಿಲ್ಲಿಸಿ ಬಂದಿದ್ದರು. ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ತುಂಬಿದ ಪಡಸಾಲೆ ನೋಡಿ ಹೊಸ್ತಿಲಲ್ಲಿ ನಿಂತರು. ಭುಜ ಬಡಿದುಕೊಂಡರು. ತೊಡೆ, ಹಿಂಬದಿ. ಒಂದು ಸುತ್ತು ತಿರುಗಿದರು.

ಹುಡುಗರು ಹೋ ಎಂದು ನಕ್ಕು ಚಪ್ಪಾಳೆ ಹೊಡೆದರು. "ಕಾಕಾ ಭಾರೀ ನಕಲ್ ಮಾಡ್ತಾರೋ! ಥೇಟ್ ಟೀವ್ಯಾಗ ಮಾಡಿದಂಗ! ಇನ್ನೊಮ್ಮೆ ಮಾಡ್ರಿ ಕಾಕಾ!"

ಭಾವುಜಿಗೆ ತಿಳಿಯಲಿಲ್ಲ. ನಗುತ್ತಲೇ ಕೇಳಿದರು, "ಏನ್ ಮಾಡ್ಲೋ? ಏನ್ ನಕಲಾ?"

ಒಬ್ಬ ಹುಡುಗ ಎದ್ದು ಮಾಡಿ ತೋರಿಸಿದ. ಭುಜ, ತೊಡೆ, ಹಿಂಬದಿ, ಸುತ್ತು. "ಇವರು ಟೀವ್ಯಾಗ ಹಿಂಗ ಮಾಡ್ತಾರಲ್ಲ ಕಾಕಾ, ನೀವು ನೋಡೀರಿ, ಸುಳ್ಳ ಯಾಕ ಹೇಳ್ತೀರಿ?"

ಭಾವುಜಿ ನಟನ ಕಡೆ ನೋಡಿದರು. ಮಾತು ಅವನ ಬಾಯಲ್ಲಿತ್ತು, ನಮಗೆಲ್ಲ ಕಾಣುತ್ತಿತ್ತು. ಹುಡುಗರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಎದ್ದು ಬಂದು ಗೆಳೆಯನ ಹೆಗಲ ಮೇಲೆ ಕೈಹಾಕಿ ಜೋರಾಗಿ ಅಂದ, "ಛಲೋ ಕಲ್ತೀ ನೋಡಲೇ ಗಡ್ಯಾ! ನನಗಿಂತ ಛಲೋ ಮಾಡ್ತೀ!"

ಮತ್ತೆ ಚಪ್ಪಾಳೆ. ಭಾವುಜಿ ನಮ್ಮವರ ಕಡೆ ನೋಡಿದರು. ನಮ್ಮವರು ಟೀವಿಯ ಮೇಲಿನ ಹೊದಿಕೆ ಸರಿಮಾಡುತ್ತಿದ್ದರು. ಆಮೇಲೆ ನನ್ನ ಕಡೆ. ನನ್ನ ಕೈಯಲ್ಲಿ ಚಾದ ತಾಟು. ಅದನ್ನೇ ನೋಡುತ್ತ ನಿಂತೆ.

"ಹೌದಪಾ," ಅಂದರು. ಅಷ್ಟು ಸಣ್ಣ ದನಿ ಅವರ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ. ಚಾ ಕುಡಿದರು. ಗಿರಣಿಯಲ್ಲಿ ಜನ ಕಾಯುತ್ತಿದ್ದಾರೆಂದು ಎದ್ದು ಹೋದರು. ನಟನ ಬಣ್ಣದ ಅಂಗಿಯ ತೋಳಿಗೆ ಹಿಟ್ಟು ಅಂಟಿತ್ತು. ಅವನು ಹೋಗುವವರೆಗೂ ಅದನ್ನು ಒರೆಸಿಕೊಳ್ಳಲಿಲ್ಲ.

ಧಾರಾವಾಹಿಯ ದಿನ ಅವರು ಬರಲಾರರು ಅಂದುಕೊಂಡಿದ್ದೆವು. ಬಂದರು. ಮಾಳಿಗೆಗೆ ಹೋಗದೆ ಬಾಗಿಲಿಗೆ ಬಂದು ನಿಂತರು. ಕೈ ಭುಜದವರೆಗೆ ಹೋಗಿ ಅಲ್ಲೇ ನಿಂತು ಕೆಳಗಿಳಿಯಿತು.

"ವೈನೀ, ಒಳಗ ಬರ್ಲೇನ್ರಿ?"

ಇಷ್ಟು ವರ್ಷದಲ್ಲಿ ಕೇಳದ ಮಾತು. ನಮ್ಮವರು ಗೂಡಿನಿಂದ ಕ್ಲಾಂಪು ತೆಗೆದುಕೊಂಡು ತಾವೇ ಮಾಳಿಗೆ ಹತ್ತಿದರು. ಮೇಲೆ ಸುತ್ತಿಗೆಯ ಸದ್ದು. ಭಾವುಜಿ ತಲೆಯೆತ್ತಿ ಆ ಸದ್ದು ಕೇಳಿದರು. ಕ್ಲಾಂಪಿನ ಮೇಲೆ ಕೂತಿದ್ದ ಎಣ್ಣೆಯ ಜಿಡ್ಡು, ಧೂಳು ಅವರು ನೋಡಿದ್ದರು. ಅದು ಹೊಸದಲ್ಲ ಎಂದು ಯಾರೂ ಹೇಳಬೇಕಿರಲಿಲ್ಲ.

ಬಾಗಿಲ ಬಳಿಯೇ, ಜಮಖಾನ ಮುಗಿಯುವ ಕಡೆ ಬರಿ ನೆಲದ ಮೇಲೆ ಕೂತರು. ಚಿತ್ರ ಅಲುಗಾಡದೆ ಬಂತು. ನಮ್ಮವನು ಯಾವುದೋ ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಂತು ಭುಜ ಬಡಿದುಕೊಂಡ. ಟೀವಿಯೊಳಗಿನ ಜನ ನಕ್ಕರು. ನಮ್ಮ ಪಡಸಾಲೆಯಲ್ಲಿ ಯಾರೂ ನಗಲಿಲ್ಲ.

"ನಾ ಹಿಂಗ ಮಾಡ್ತೀನೇನ್ರಿ ವೈನೀ?" ಕಣ್ಣು ಪರದೆಯ ಮೇಲೇ ಇತ್ತು.

"ಹೌದ್ರಿ ಭಾವುಜಿ," ಅಂದೆ. ಎಲ್ಲರಿಗೂ ಕೇಳುವ ಹಾಗೇ ಅಂದೆ. "ಅದು ನಿಮ್ಮದಾ. ನಮ್ಮ ಜಮಖಾನ ಹೊಲಸ ಆಗಬಾರ್ದು ಅಂತ ಮಾಡ್ತೀರಿ. ಅಂವಾ ನಿಮ್ಮನ್ನ ನೋಡಿ ಕಲ್ತಾನ."

"ಹಂಗಾದ್ರ ಚಂದಾನಾ ಐತಿ ಬಿಡ್ರಿ," ಅಂದು ತುಸು ನಕ್ಕರು. ನಕ್ಕದ್ದು ನಮಗಾಗಿ. ಯಾವಾಗ ಹೇಳಬೇಕಿತ್ತೋ ಆವಾಗ ಹೇಳದ ಮಾತು, ಆಮೇಲೆ ಹೇಳಿದರೆ ಹಳಸಿದ ಪಲ್ಯ ಬಿಸಿ ಮಾಡಿ ಬಡಿಸಿದ ಹಾಗೆ. ತಿನ್ನುವವರು ಮರ್ಯಾದೆಗೆ ತಿನ್ನುತ್ತಾರೆ.

ಅಂದಿನಿಂದ ಅವರು ನಮ್ಮ ಹೊಸ್ತಿಲಲ್ಲಿ ಝಾಡಿಸಿಕೊಳ್ಳಲಿಲ್ಲ. ಬಂದವರು ನೇರ ಬಂದು ಬಾಗಿಲ ಬಳಿ ಕೂಡುತ್ತಿದ್ದರು. ಎದ್ದು ಹೋದ ಮೇಲೆ ನೆಲದ ಮೇಲೆ ಬೆಳ್ಳಗೆ ಒಂದು ಕಲೆ. ಜಮಖಾನದ ಮೇಲೆ ಬರ್ರಿ ಎಂದರೆ, "ಇರ್ಲಿ ಬಿಡ್ರಿ, ಇಲ್ಲಿ ಗಾಳಿ ಬರ್ತೈತಿ," ಅನ್ನುತ್ತಿದ್ದರು. ಧಾರಾವಾಹಿ ಮುಗಿಯಿತು. ನಟನಿಗೆ ಮುಂದೆ ಹೆಚ್ಚು ಕೆಲಸ ಸಿಗಲಿಲ್ಲವೆಂದು ಕೇಳಿದೆವು. ಭಾವುಜಿ ಅದಕ್ಕೂ ಮರುಗಿದರು.

ಒಂದು ಸಂಜೆ ಜೋಳದ ಡಬ್ಬಿ ಹೊತ್ತುಕೊಂಡು ಗಿರಣಿಗೆ ಹೋದೆ. ಯಂತ್ರದ ಪಟ್ಟಾ ತಿರುಗುವ ಸದ್ದು ಆಗಷ್ಟೇ ನಿಂತಿತ್ತು. ಅವರು ಬಾಗಿಲು ಹಾಕಿ ಮನೆಗೆ ಹೊರಟಿದ್ದರು. ಓಣಿಯ ಈ ಕಡೆ ನೋಡಿದರು, ಆ ಕಡೆ ನೋಡಿದರು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಭುಜ ಬಡಿದುಕೊಂಡರು. ತೊಡೆ, ಹಿಂಬದಿ. ಒಂದು ಸುತ್ತು. ಕಳ್ಳತನ ಮಾಡಿದವರ ಹಾಗೆ, ಗಡಿಬಿಡಿಯಲ್ಲಿ.

ನಾನು ಬಾವಿಕಟ್ಟೆಯ ಮರೆಗೆ ಸರಿದು, ಅವರು ತಿರುವು ದಾಟುವವರೆಗೆ ನಿಂತೆ. ಕೂಗಿದ್ದರೆ ಮತ್ತೆ ಬೀಗ ತೆಗೆದು ಬೀಸಿ ಕೊಡುತ್ತಿದ್ದರು. ಕೂಗಲಿಲ್ಲ. ಅಂದು ಅನ್ನ ಮಾಡಿದೆ. ರೊಟ್ಟಿ ಯಾಕಿಲ್ಲ ಎಂದು ನಮ್ಮವರು ಕೇಳಿದರು.

"ಗಿರಣಿ ಬಂದ್ ಇತ್ತು," ಅಂದೆ.