ಖಂಡೇಪೂಜೆಯ ರ‍್ಯಾಕೆಟ್

ಖಾಸಬಾಗದ ಬಟ್ಟೆ ವ್ಯಾಪಾರಿ ಆದಿನಾಥ ಇರುವೆ ಕಂಡರೆ ದಾಟಿ ನಡೆಯುವ ಜೈನ. ಬಟ್ಟೆಯಲ್ಲಿ ಗಾಳಿಸದ ನೀರು ಕುಡಿಯುವವನಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ. ಆದರೆ ಟೆನಿಸ್‌ನಲ್ಲಿ ಸೋತು ಬಂದ ಮಗಳು ಸ್ನೇಹಲಳ ಕೆನ್ನೆಗೆ ಬಾರಿಸುವುದು ಅವನ ಪ್ರಕಾರ ಹಿಂಸೆಯಲ್ಲ, ಶಿಸ್ತು! ಆ ಸದ್ದು ನಮ್ಮ ಓಣಿಗೆಲ್ಲ ಕೇಳುತ್ತಿತ್ತು.

ಏಟು ತಿನ್ನುತ್ತಲೇ ಹುಡುಗಿ ಬೆಳೆದಳು. ವೃತ್ತಿಪರ ಆಟಕ್ಕಿಳಿದು ದೇಶ ದೇಶ ಸುತ್ತಿದಳು. ಆಕೆಯ ಸರ್ವ್ ಎಂದರೆ ಎದುರಾಳಿಗಳು ಹೆದರುತ್ತಿದ್ದರು. ಮೊದಲ ಸಲ ದೊಡ್ಡದೊಂದು ಟೂರ್ನಿಗೆ ಆಯ್ಕೆಯಾದಾಗ, ಹೊರಡುವ ಮುನ್ನ ದಸರೆಗೆಂದು ಮನೆಗೆ ಬಂದಳು.

ನಮ್ಮ ಕಡೆ ಖಂಡೇಪೂಜೆಯ ದಿನ ದುಡಿಮೆಯ ಸಾಮಾನಿಗೆಲ್ಲ ಅರಿಶಿನ ಕುಂಕುಮ. ಆದಿನಾಥ ಅಂಗಡಿಯ ಕತ್ತರಿಯ ಜೊತೆ ಮಗಳ ರ‍್ಯಾಕೆಟ್ಟನ್ನೂ ಹೆಮ್ಮೆಯಿಂದ ತೀರ್ಥಂಕರರ ಮೂರ್ತಿಯ ಮುಂದಿಟ್ಟ. ತಾಯಿ ತಾರಾಬಾಯಿ ನೀರು ಚಿಮುಕಿಸಲು ಹೋದಾಗ ಸ್ನೇಹಲ ಕೂಗಿದಳು:

“ನೀರ ಹಾಕಬ್ಯಾಡವ್ವಾ! ಕರಳಿನ ತಂತಿ ಅದ, ಕೆಡತೈತಿ.”

“ಯಾರ ಕರಳು?” ಎಂದ ಆದಿನಾಥ.

ಸುಳ್ಳು ಹೇಳಬಾರದೆಂದು ಕಲಿಸಿದವನೂ ಅವನೇ. “ಆಕಳದ್ದರೀ ಅಪ್ಪಾ. ಹೊಸಾ ಕೋಚ್ ಹಾಕಿಸ್ಯಾರ.”

“ದೇವರ ಮುಂದ ಆಕಳ ಕರಳ ಇಡಿಸಿದೇನ?”

ಅದೇ ರ‍್ಯಾಕೆಟ್ಟು ಎತ್ತಿ ಹೊಡೆದ. ತಲೆ ಉಳಿಸಿಕೊಳ್ಳಲು ಆಕೆ ಅಡ್ಡ ಹಿಡಿದ ಬಲಗೈಯ ಮಣಿಕಟ್ಟಿನ ಮೇಲೇ ಮತ್ತೆ ಮತ್ತೆ ಹೊಡೆದ. ಎಲುಬು ಮುರಿದಾಗಲೂ ನಿಲ್ಲಲಿಲ್ಲ, ರ‍್ಯಾಕೆಟ್ಟು ಮುರಿದಾಗ ನಿಂತ. ಮೂರ್ತಿಯ ಮುಂದಿನ ಅಕ್ಕಿಯೆಲ್ಲ ರಕ್ತ. ಟೂರ್ನಿ ತಪ್ಪಿಹೋಯಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಆದಿನಾಥ ಉಪವಾಸ ಕೂತು ಪ್ರಾಯಶ್ಚಿತ್ತ ಮಾಡಿಕೊಂಡ. ಮಗಳ ಕೈ ಮುರಿದದ್ದಕ್ಕಲ್ಲ, ದೇವರಿಗೆ ಮೈಲಿಗೆಯಾದದ್ದಕ್ಕೆ! ಇವತ್ತಿಗೂ ನನ್ನ ಮೈ ಉರಿಯುವುದು ಅದಕ್ಕೇ.

ಆಪರೇಷನ್ ಆದರೂ ಆ ಮಣಿಕಟ್ಟು ಮೊದಲಿನಂತೆ ತಿರುಗಲಿಲ್ಲ. ಸ್ನೇಹಲ ಮನೆ ಬಿಟ್ಟು ಖಾನಾಪುರ ಸೇರಿದಳು. ಎಡಗೈಯಲ್ಲಿ ಆಡಲು ಕಲಿತು, ಅಲ್ಲಿನ ಕೆಮ್ಮಣ್ಣಿನ ಕೋರ್ಟಿನಲ್ಲಿ ಹುಡುಗಿಯರಿಗೆ ಕಲಿಸತೊಡಗಿದಳು.

ಕ್ಷಮಾವಣಿಯ ದಿನ ಜೈನರು ಕಂಡವರೆಲ್ಲರ ಕ್ಷಮೆ ಕೇಳುತ್ತಾರೆ. ವರ್ಷ ವರ್ಷ ಊರನ್ನೆಲ್ಲ ಕೇಳಿ ಮಗಳನ್ನು ಮಾತ್ರ ಬಿಟ್ಟಿದ್ದ ಆದಿನಾಥ, ಹೋದ ವರ್ಷ ಆ ಕೋರ್ಟಿಗೇ ಬಂದು ಕೈಮುಗಿದ.

“ಕ್ಷಮಾ ಮಾಡವ್ವಾ.”

“ಆ ಗೆರಿ ಮ್ಯಾಲ ನಿಂದರ್ರಿ ಅಪ್ಪಾ. ಕೈ ಅಡ್ಡ ತರಬ್ಯಾಡ್ರಿ.”

ಎಡಗೈಯಲ್ಲಿ ಸರ್ವ್ ಹೊಡೆದಳು. ಚೆಂಡು ಎದೆಗೆ ಬಡಿಯಿತು. ಎರಡನೆಯದು ಅವನ ಬಲ ಮಣಿಕಟ್ಟಿಗೆ. ಮುದುಕ ನರಳುತ್ತ ಮಣ್ಣಿನ ಮೇಲೆ ಕುಸಿದ, ಕೈ ಮಾತ್ರ ಅಡ್ಡ ತರಲಿಲ್ಲ. ಮೂರನೆಯ ಚೆಂಡು ಹಿಡಿದು ನಿಂತವಳಿಗೆ ಅಳು ತಡೆಯಲಾಗಲಿಲ್ಲ. ಚೆಂಡು ಬಿಸಾಡಿ, ಕೋರ್ಟಿನ ಬದಿಯ ಕೋಣೆಯಿಂದ ತಂಬಿಗೆ ತಂದು ಅವನ ಮುಂದೆ ಹಿಡಿದಳು.

“ಗಾಳಿಸಿದ ನೀರೈತಿ. ಕುಡೀರಿ, ಹೊತ್ತ ಮುಳಗಾಕ ಬಂತು.”